ಹೊಟ್ಟೆಗೆ ಹಾಕ್ಕೊಂಡದ್ದು

ಕೋಲಾರ ಬಿಡುವ ಮೊದಲೇ ಎರಡು ಸಲ.
ಮೂರನೆಯದು ತಮಕ ದಾಟುವಾಗ ಎದ್ದಿತು.
ಸುಮ್ಮನಿರು ಎಂದೆ, ಮಗುವಿಗೆ ಹೇಳುವ ಹಾಗೆ,
ಆಮೇಲೆ ನಾಯಿಗೆ ಹೇಳುವ ಹಾಗೆ.

ಐವತ್ತರ ಬಸ್ಸಿನಲ್ಲಿ ಎಂಬತ್ತೊಂದು ಜನ.
ಹೆಂಗಸರಿಗೆಲ್ಲ ಸೊನ್ನೆ ಟಿಕೆಟ್ಟು,
ಆದರೂ ಹರಿದು ಕೊಡಬೇಕು;
ಒಂದು ಸೊನ್ನೆ ತಪ್ಪಿದರೆ ನನಗೆ ಮೆಮೊ.
"ಚಿಲ್ಲರ ಲೇದಮ್ಮಾ" ಅನ್ನುತ್ತಾನೆ ನಂಗಲಿಯ ಮುದುಕ
ಐನೂರರ ನೋಟು ಚಾಚಿ.
ಒಳಗೆ ಯಾರೋ ಒದ್ದೆ ಬಟ್ಟೆ ಹಿಂಡುತ್ತಾರೆ.

ಕರುಳಿನ ಹುಣ್ಣು. ಆರು ವರ್ಷ.
ವಾಸಿಯಾಗೋದಲ್ಲ, ಮಲಗಿಸಬಹುದು ಅಷ್ಟೇ ಎಂದರು ಡಾಕ್ಟರು,
ಯಾವುದನ್ನೂ ತಲೆಗೆ ಹಚ್ಕೋಬೇಡಿ.
ಮನಸ್ಸಿಗೆ ತಗೋಬೇಡ ಎಂದರು ಅತ್ತೆ.
ಡಿಪೊ ಮ್ಯಾನೇಜರು ಕೂಗಾಡಿದ ದಿನ
ಹಿರಿಯ ಕಂಡಕ್ಟರ್ ಗಂಗುಲಪ್ಪ ಹಿಂದೆಯೇ ಬಂದು,
"ಹೋಗ್ಲಿ, ಹೊಟ್ಟೆಗೆ ಹಾಕ್ಕೊಳ್ಳಮ್ಮ."
ಹಾಕ್ಕೊಂಡೆ.
ತಲೆಗೂ ಬೇಡ, ಮನಸ್ಸಿಗೂ ಬೇಡ ಅಂದಮೇಲೆ
ಇನ್ನೆಲ್ಲಿ ಜಾಗ ಇತ್ತು, ಹೇಳಿ.
ಮೈದುನ ಸೈಟು ಬರೆಸಿಕೊಂಡದ್ದು,
ರಜೆ ಅರ್ಜಿ ವಾಪಸು ಬಂದದ್ದು,
"ದಿನಾ ಹೊಟ್ಟೆನೋವಾ?" ಎಂದು ಆಫೀಸಿನವರು ನಕ್ಕದ್ದು,
ಎಲ್ಲ ಅಲ್ಲೇ.
ಅದು ಬರೀ ಮಾತಿಗೆ ಅನ್ನೋದು ಅಂತ
ಕರುಳಿಗೆ ಯಾರೂ ಹೇಳಲಿಲ್ಲ.

ಒಂದು ರಾತ್ರಿ ಡೈರಿ ಹಿಡಿದು ತಾಳೆ ನೋಡಿದೆ.
ಮಾರ್ಚಿಯಲ್ಲಿ ಮೆಮೊ. ಮೂರನೇ ದಿನ ರಕ್ತ.
ಮಗಳ ಪಿಯುಸಿ ರಿಸಲ್ಟಿನ ಹಿಂದಿನ ರಾತ್ರಿ ಒಂಬತ್ತು ಸಲ;
ಪಾಸಾದಳು, ಆದರೂ ವಾರವೆಲ್ಲ ನಿಲ್ಲಲಿಲ್ಲ.
ಏನೂ ನಡೆಯದ ದಿನಗಳಲ್ಲೂ ಇದೆ, ಸುಳ್ಳು ಹೇಳಬಾರದು.
ಈಗ ಹೊಸದೊಂದು ಸೇರಿದೆ:
ಎಲ್ಲಿ ಬಂದುಬಿಡುತ್ತೋ ಅನ್ನುವ ಭಯ.
ಆ ಭಯಕ್ಕೇ ಬರುತ್ತದೆ.

ಕಂಬಿ ಹಿಡಿದ ಕೈ ಬೆವರಿತು.
ಡ್ರೈವರ್ ಬ್ಯಾಟಪ್ಪ ಕನ್ನಡಿಯಲ್ಲಿ ಒಮ್ಮೆ ನೋಡಿದ.
ಮಾತಾಡುವ ಆಳಲ್ಲ;
ನಾಲ್ಕು ತಿಂಗಳಾಯಿತು ಒಂದೇ ರೂಟಿನಲ್ಲಿ,
ನನ್ನ ಹೆಸರು ಮುನಿರತ್ನ ಅಂತ ಗೊತ್ತೋ ಇಲ್ಲವೋ.
ಪೆಟ್ರೋಲ್ ಬಂಕಿನ ಎದುರು ಎಡಕ್ಕೆ ತಂದು ನಿಲ್ಲಿಸಿದ,
ಇಳಿದು ಟೈರಿಗೆ ಕಲ್ಲಿನಿಂದ ಕುಟ್ಟತೊಡಗಿದ.
"ಯಾಕಪ್ಪಾ ನಿಲ್ಸಿದೆ?"
"ಹವಾ ನೋಡ್ತಾ ಇದೀನಿ."
ಎಂಬತ್ತೊಂದು ಜನ ಕಾದರು.
ನಾನು ಓಡಿದೆ, ದುಡ್ಡಿನ ಚೀಲ ಎದೆಗವಚಿಕೊಂಡು.

ತಿರುಗಿ ಬಂದಾಗಲೂ ಕುಟ್ಟುತ್ತಲೇ ಇದ್ದ,
ಆರನೇ ಟೈರು. ಇನ್ನೊಂದಿದ್ದರೆ ಅದನ್ನೂ.

ಎಂಟು ನಿಮಿಷ ಲೇಟು. ಮುಳಬಾಗಿಲಲ್ಲಿ ಕೇಳುತ್ತಾರೆ.
ಕೇಳಲಿ. ಇದನ್ನು ಹೊಟ್ಟೆಗೆ ಹಾಕ್ಕೊಳ್ಳೋದಿಲ್ಲ,
ಹವಾ ನೋಡ್ತಿದ್ವಿ ಅಂತೀನಿ.
ರೈಟ್.