ಎರಡು ಅಂಕದ ಪ್ರಶ್ನೆ

ಬದಿಯಡ್ಕದ ಶಾಲೆ. ಊಟಕ್ಕೆ ಮುಂಚಿನ ಪೀರಿಯಡ್ಡು.
ಒದ್ದೆ ಸೀಮೆಸುಣ್ಣದಲ್ಲಿ ಇಂಗ್ಲೆಂಡಿನ ಪೂರ್ವದ ಮೂಲೆ ಬರೆಯುತ್ತೇನೆ.
ಕರಾವಳಿ ಸರಿಯಾಗಿ ಬರುವುದಿಲ್ಲ, ಪ್ರತಿ ವರ್ಷ
ಅದು ಕುಂಬಳೆಯ ಹಾಗೆ ಆಗಿಬಿಡುತ್ತದೆ.
ಆ ಸೀಮೆ ನಾನು ಕಂಡದ್ದಿಲ್ಲ. ಕಂಡದ್ದು
ಮಂಗಳೂರಿನ ರದ್ದಿ ಅಂಗಡಿಯಲ್ಲಿ ಕಿಲೋ ಲೆಕ್ಕಕ್ಕೆ ಸಿಕ್ಕ
ರಟ್ಟು ಹರಿದ ಒಂದು ಪುಸ್ತಕ:
ನಾರ್ಫೋಕಿನ ಒಂದು ಹಳ್ಳಿ, ಅದರ ಪಂಚಾತಿಕೆಯ ದಫ್ತರ,
ಯಾರು ಸತ್ತರು, ಯಾರು ತೆತ್ತರು.

ಸಮಾಜದಲ್ಲಿ ಮೂರು ವರ್ಗ, ಬರೆದುಕೊಳ್ಳಿ:
ಬೇಡುವವರು, ಬಡಿಯುವವರು, ಬೆವರುವವರು.
ಪ್ರಾಸ ನನ್ನದೇ. ಹದಿನೆಂಟು ವರ್ಷದಿಂದ ನಗಿಸುತ್ತಿದೆ.
ಈ ಸಲ ಹಿಂದಿನ ಬೆಂಚಿನ ಮಿಸ್ರಿಯಾ ನಗಲಿಲ್ಲ.
ಹೆರಿಗೆ ಮಾಡಿಸುವವಳು ಯಾವುದರಲ್ಲಿ ಸಾರ್?

ಹತ್ತರಲ್ಲೊಂದು ಇಗರ್ಜಿಗೆ, ಎಂದು ಮುಂದೆ ಹೋದೆ.
ಹತ್ತು ಸಿವುಡಿಗೊಂದು ಸಿವುಡು, ಹತ್ತು ಹಂದಿಮರಿಗೊಂದು ಮರಿ,
ಬಲೆಗೆ ಬಿದ್ದ ಮೀನಿನಲ್ಲೂ ಪಾಲು.
ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಶಿರಿಯದ ಹುಡುಗರು
ಮರಳಿನ ಮೇಲೆ ಗುಡ್ಡೆ ಹಾಕುವುದನ್ನು ಕಂಡವರು:
ದೋಣಿಗೆ ಒಂದು, ಬಲೆಗೆ ಒಂದು,
ಭಗವತಿಗೆ ಒಂದು, ಪಳ್ಳಿಗೆ ಒಂದು.

ಓದು ಬಾರದವರಿಗೆ ಇಗರ್ಜಿಯ ಗೋಡೆಯೇ ಗ್ರಂಥ.
ಗೋಡೆಯ ತುಂಬ ನರಕ, ಬಾಣಲೆ, ಕೊಂಬಿನವರು.
ಮುಂದೆ ಒಂದು ಕಾಲ ಬಂತು, ಅರಸ ಎಲ್ಲಕ್ಕೂ ಸುಣ್ಣ ಬಳಿಸಿದ.
ಬೇಳದ ಲವೀನಾ ಕ್ರಾಸ್ತ ಪೆನ್ನು ನಿಲ್ಲಿಸಿದಳು.
ಸುಣ್ಣದ ಅಡಿಯಲ್ಲಿ ಈಗಲೂ ಇದ್ದಾರಾ ಸಾರ್?
ಇದ್ದಾರೆ. ಕೆರೆದರೆ ಸಿಗುತ್ತಾರೆ.

ಆಮೇಲೆ ಆ ಪದ ಬಂತು. ಹೆರಿಗೆ ಅಲ್ಲ ಮಿಸ್ರಿಯಾ, ಹೆರಿಯಟ್.
ಒಕ್ಕಲು ಸತ್ತರೆ ಹಟ್ಟಿಯ ಒಳ್ಳೆಯ ದನ ಧಣಿಗೆ,
ಎರಡನೆಯದು ಪಾದ್ರಿಗೆ.
ಸಾವಿರದ ಮುನ್ನೂರ ನಲ್ವತ್ತೊಂಬತ್ತು, ಮಾರಿಯ ವರ್ಷ,
ಆಗ್ನೆಸ್ ಎಂಬವಳ ಗಂಡ ತೀರಿಕೊಂಡ.
ಒಂದು ಹಸು, ಬೆಲೆ ಐದು ಶಿಲಿಂಗು, ಧಣಿಗೆ ಸಂದಿದೆ.
ಎರಡನೆಯ ದನ ಇಲ್ಲದ ಕಾರಣ
ಪಾದ್ರಿಗೆ ಸತ್ತವನ ಉಣ್ಣೆಯಂಗಿ.
ದಫ್ತರದಲ್ಲಿ ಇಷ್ಟೇ. ಒಂದೂವರೆ ಸಾಲು ಲ್ಯಾಟಿನ್.

ಧನ್ಯಶ್ರೀ ಎದ್ದು ನಿಂತಳು. ಹೆಸರು ಕರೆದರೂ ಏಳದವಳು.
ನಮ್ಮಲ್ಲಿಯೂ ಉಂಟು ಸಾರ್. ಕೊರಪೊಳಜ್ಜಿಗೆ ಹಾಗೇ ಆದದ್ದು.
ಗಂಡನ ಬೊಜ್ಜ ಮುಗಿದಿರಲಿಲ್ಲ,
ಬೀಡಿನ ಕಾರ್ಯಸ್ಥ ಬಂದು ಕೆಂಪಿಯನ್ನು ಬಿಚ್ಚಿಕೊಂಡು ಹೋದ.
ರಾತ್ರಿ ಕೆಂಪಿ ಹಗ್ಗ ಹರಿದು, ತೋಡು ದಾಟಿ,
ಅಂಗಳದಲ್ಲಿ ಬಂದು ನಿಂತಿತು.

ಮತ್ತೆ? ಕೇಳಿದ್ದು ನಾನಲ್ಲ, ಇಡೀ ಕ್ಲಾಸು.

ಮತ್ತೆ ಎಂತ. ಅಜ್ಜಿ ಹಾಲು ಕರೆದಳು, ಮಕ್ಕಳಿಗೆ ಕುಡಿಸಿದಳು.
ಕೋಳಿ ಕೂಗುವ ಮೊದಲು ತಾನೇ ಹೊಡೆದುಕೊಂಡು ಹೋಗಿ
ಬೀಡಿನ ಹಟ್ಟಿಯಲ್ಲಿ ಕಟ್ಟಿ ಬಂದಳು.
ಮರುದಿನವೂ ಬಂತು. ಅದರ ಮರುದಿನವೂ.
ಎಷ್ಟು ದಿನ ಅಂತ?
ಹಾಲು ಬತ್ತುವವರೆಗೆ ಸಾರ್.

ಗಂಟೆ ಹೊಡೆಯಿತು. ತಟ್ಟೆಗಳು ಓಡಿದವು.
ಬೋರ್ಡಿನ ಮೇಲೆ ಕುಂಬಳೆಯಂಥ ಇಂಗ್ಲೆಂಡು ಒಣಗುತ್ತಿತ್ತು.

ಮನೆಯಲ್ಲಿ ಆ ಪುಟ ಮತ್ತೆ ತೆಗೆದೆ.
ದಫ್ತರ ಎನ್ನುವುದು ಹಗಲಿನ ಕೆಲಸ.
ಯಾವ ದನ ಯಾವ ಹೊತ್ತಿಗೆ ಯಾವ ಹೊಳೆ ದಾಟಿತೆಂದು
ಯಾವ ಗುಮಾಸ್ತನೂ ದೀಪ ಹಚ್ಚಿ ಬರೆಯುವುದಿಲ್ಲ.
ಹಸುವಿನ ಬೆಲೆ ಬರೆದಿದ್ದಾನೆ.
ಬಣ್ಣ ಕೂಡ ಬರೆದಿಲ್ಲ.

ಪರೀಕ್ಷೆಗೆ ಕೊಟ್ಟೆ: ಹೆರಿಯಟ್ ಎಂದರೇನು?
ಧನ್ಯಶ್ರೀ ಬರೆದದ್ದು ಒಂದೇ ಸಾಲು:
ದನದ ಹೆಸರು ಕೆಂಪಿ.
ಉತ್ತರಸೂಚಿ ನೋಡಿದೆ. ಚಾ ಆರಿತು.
ಒಂದೂವರೆ ಕೊಟ್ಟೆ.
ಅರ್ಧ ಅಂಕ
ನನ್ನ ಹಟ್ಟಿಯಲ್ಲೇ ಉಳಿಯಿತು.