ಶೇಷ ಎರಡು

ಮಲ್ಪೆ ಬಂದರಿನ ತೆಂಕು ಬದಿಗೆ, ಬಾಗಿಲು ಹಾಕಿದ ಐಸ್ ಪ್ಲಾಂಟಿನೊಳಗೆ
ಕಂಪ್ರೆಸರಿನ ಸುತ್ತು ಎಣಿಸುತ್ತಿದ್ದ ಮೀಟರೊಂದು ಉಂಟು,
ಎಂಟು ಗಾಲಿಯದ್ದು.
ಕೊನೆಯ ದಿನ ನಾನೇ ಲೆಡ್ಜರಿಗೆ ಇಳಿಸಿದೆ:
ಏಳು ಕೋಟಿ ಮೂವತ್ತೊಂಬತ್ತು ಲಕ್ಷ
ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು.
ಅಡಿಗೆ ಕೆಂಪು ಗೆರೆ ಎಳೆದೆ.

ಧಣಿಯ ಮೂವರು ಮಕ್ಕಳು ಪಾಲು ಮಾಡಿಕೊಂಡರು
ಐಸಿನ ಡಬ್ಬಿ, ಅಮೋನಿಯ ಪೈಪು, ತೂಕದ ಕಲ್ಲು,
ಗುಜರಿಗೆ ಸಲ್ಲುವ ಕಬ್ಬಿಣವಷ್ಟೂ.
ಮೀಟರು ಯಾರಿಗೂ ಬೇಡ.
ಆ ರಾತ್ರಿ ಕೆಲಸವಿಲ್ಲದ ಕೈ ಸುಮ್ಮನಿರದೆ
ರಶೀದಿಯ ಬೆನ್ನಿಗೆ ಅದನ್ನು ಬರೆದು
ಮೂರರಿಂದ ಭಾಗಿಸಿದೆ.
ಎರಡು ಉಳಿಯಿತು:
ಮೆಕ್ಯಾನಿಕ್ ಲಿಗೋರಿ, ಮತ್ತೆ ನಾನು.

ಏಳರಿಂದ ನೋಡಿದೆ. ಮತ್ತೆ ಎರಡೇ.
ಹನ್ನೊಂದು ನಾಲ್ಕು ಬಿಟ್ಟಿತು, ಹದಿಮೂರು ಎಂಟು,
ಹದಿನೇಳು ಹದಿಮೂರು.
ಎಂಟು ಸಾವಿರದ ಐನೂರ ತೊಂಬತ್ತೆಂಟರವರೆಗೆ ಹೋದರೆ ಸಾಕು,
ಆಚೆ ಹುಡುಕಬೇಕಿಲ್ಲ
(ಯಮುನಾ ಟೀಚರು ಹೊಡೆದು ಕಲಿಸಿದ ವರ್ಗಮೂಲ
ಇಷ್ಟಕ್ಕಾದರೂ ಬಂತು).
ಸಾವಿರಕ್ಕೂ ಮಿಕ್ಕಿ ಕತ್ತಿ. ಒಂದೂ ಒಳಗಿಳಿಯಲಿಲ್ಲ.
ನಿಷೇಧ ಮುಗಿದು ಬೋಟುಗಳು ಹೊರಟಾಗ
ನಾನಿನ್ನೂ ಭಾಗಿಸುತ್ತಲೇ ಇದ್ದೆ.

ಮರುವರ್ಷ ಲಿಗೋರಿ ಬಂದ:
"ಬಲದ ಗಾಲಿ ತುಕ್ಕು ತಿಂದು ಹೋಯ್ತಲ್ಲ ಮಾರಾಯ್ರೆ."
ಕಿಟಕಿ ಪಡುವಣಕ್ಕೆ; ಉಪ್ಪುಗಾಳಿ ಮೊದಲು ಮುಟ್ಟುವುದು ಆ ತುದಿಯನ್ನೇ.
ಕೊನೆಯ ಮೂರು ಕುರುಡಾಗಿತ್ತು.
ಉಳಿದ ಏಳಂಕಿಯನ್ನು ಹಾಗೇ ಸುಮ್ಮನೆ ಒರೆಗೆ ಹಚ್ಚಿದೆ.
ಅದೂ ಒಡೆಯದು.
ಆಚೆ ವರ್ಷ ಇನ್ನೊಂದು ಮೂರು ಹೋಯಿತು,
ಆಮೇಲೆ ಒಂದು, ಆಮೇಲೆ ಒಂಬತ್ತು.
ಪ್ರತಿ ಸಲ ಬಾಲ ಕಳಚಿಕೊಂಡು
ಪ್ರತಿ ಸಲ ಇಡಿಯಾಗಿಯೇ ಕೂತಿರುತ್ತದೆ,
ಯಾರ ಪಾಲಿಗೂ ಬಾರದೆ.

ದಕ್ಕೆಯಲ್ಲಿ ಅಂಜಲ್ ಕೊಯ್ಯುತ್ತಿದ್ದ ಸುಗಂಧಿ ಮೆಂಡನ್‌ಗೆ ಹೇಳಿದೆ.
ಅವಳು ತಲೆ ಎತ್ತಲಿಲ್ಲ.
"ಬಾಲದಿಂದ ಕೊಯ್ದರೆ ಹಾಗೆಯೇ. ತಲೆ ತೆಗೆದು ನೋಡಿ."
ನೋಡಿದೆ. ಮುಂದಿನ ಏಳನ್ನು ಎತ್ತಿದ್ದೇ ತಡ,
ಹನ್ನೊಂದು ಬಂದು ಒಂದೇ ಏಟಿಗೆ ಸೀಳಿತು,
ಶೇಷ ಸೊನ್ನೆ.
ಅವಳಿಗೆ ಹೇಗೆ ಗೊತ್ತೋ. ಕೇಳಿದರೆ ನಕ್ಕಳು,
ಗಿರಾಕಿಗೆ ತುಂಡು ಕಟ್ಟಿಕೊಟ್ಟಳು.

ಲಿಗೋರಿಗೆ ರಿಪೇರಿಯದ್ದೇ ಧ್ಯಾನ.
"ಎಂಟೂ ಹೊಸತು ಹಾಕಿ ಒಂಬತ್ತನೆಯದ್ದೂ ಸೇರಿಸುವಾ,
ಗುಜರಿಯಲ್ಲಿ ಸಿಗ್ತದೆ."
ಸೇರಿಸಿ ನೋಡಿಯಾಗಿದೆ, ಕಾಗದದ ಮೇಲೆ.
ಒಂದನ್ನೋ ಏಳನ್ನೋ ಅಂಟಿಸಿದರೆ ಮೂರು ಹಂಚಿಕೊಳ್ಳಲು ಬರುತ್ತದೆ,
ಆ ಮೂವರು ಮಕ್ಕಳ ಹಾಗೆ.
ಮೂರು, ಒಂಬತ್ತು ಇಟ್ಟರೆ
ಒಳಗೆಲ್ಲೋ ಬಿರುಕು, ಹುಡುಕಲು ವಾರ ಬೇಕು.
ಸಮ ಅಂಕಿ, ಐದು, ಇವುಗಳ ಮಾತೇ ಬೇಡ.
ಇದಕ್ಕೆ ಬೆಳೆಯಲು ಬಾರದು, ಲಿಗೋರಿ.
ಸವೆಯಲು ಮಾತ್ರ ಬರುತ್ತದೆ.

ಈ ವರ್ಷ ಉಳಿದದ್ದು ಏಳು ಸಾವಿರದ ಮುನ್ನೂರ ತೊಂಬತ್ತಮೂರು.
ಬರುವ ವರ್ಷ ಏಳುನೂರ ಮೂವತ್ತೊಂಬತ್ತು.
ಅದರಾಚೆಯದು ಎಪ್ಪತ್ತಮೂರು.
ಲಿಗೋರಿಗೆ ಈಗ ಎಪ್ಪತ್ತೊಂದು.
ನಾನು ಆ ಲೆಕ್ಕ ಬಾಯಿಬಿಟ್ಟು ಹೇಳಲಿಲ್ಲ.
ಅವನು ಸ್ಟೂಲು ಹತ್ತಿ
ಎಡತುದಿಯ ಏಳಕ್ಕೆ ಗ್ರೀಸು ಹಚ್ಚುತ್ತಿದ್ದ,
ಬೆರಳಿನಿಂದಲೇ, ಸುತ್ತಲೂ,
ತಿರುಗುವ ಗಾಲಿಗೆ ಹಚ್ಚುವ ಹಾಗೆ.