ಹಿಂದಲೆಯ ಓಣಿ

ಬಚ್ಚಲಿನ ಗ್ಯಾಸ್ ಹೀಟರು ಆ ರಾತ್ರಿ
ಸದ್ದಿಲ್ಲದೆ, ವಾಸನೆಯಿಲ್ಲದೆ ಮಾಡಿದ ಕೆಲಸ ಇಷ್ಟು:
ಅಪ್ಪನನ್ನು ಬದುಕಲು ಬಿಟ್ಟಿತು,
ಅವನ ಲೋಕದ ಅಂಚುಗಳನ್ನು ಒಯ್ದಿತು.

ಬಣ್ಣಗಳನ್ನು ಮುಟ್ಟಿರಲಿಲ್ಲ.
ಕೆಂಪು, ಅನ್ನುತ್ತಾನೆ
ಟೊಮೆಟೊಗೆ, ಟ್ರಾಫಿಕ್ ದೀಪಕ್ಕೆ, ನನ್ನ ಕೋಟಿಗೆ.
ನಾನು ಕೆಮ್ಮಿದ ಮೇಲೆ, "ಸಿಯಾಲಾ?"

ಕುತಾಯಿಸಿಯ ಅರ್ಧ ಪೇಟೆಗೆ ಹೆಸರು ಬರೆದವನು
ನನ್ನಪ್ಪ ಉಷಂಗಿ:
ಔಷಧಿ ಅಂಗಡಿ, ಬೂಟು ರಿಪೇರಿ, ಹಲ್ಲಿನ ಡಾಕ್ಟರು.
ನಮ್ಮ ಮೂವತ್ತಮೂರು ಅಕ್ಷರಗಳೂ
ದ್ರಾಕ್ಷಿಬಳ್ಳಿಯ ಕುಡಿಯಿಂದ ಕಿತ್ತವು,
ನೆಟ್ಟಗೆ ನಿಲ್ಲಲು ಬಾರದವು.
ಸ್ಕೇಲು ಹಿಡಿದು ಬಂದ ಶಿಷ್ಯನೊಬ್ಬನನ್ನು
ಅದೇ ಸ್ಕೇಲಿನಲ್ಲಿ ಓಡಿಸಿದ್ದ.

ಡಾಕ್ಟರ್ ನತೇಲಾ ಅವನ ಹಿಂದಲೆಗೆ ಬೆರಳಿಟ್ಟು ಹೇಳಿದಳು:
ಕಣ್ಣಿನಿಂದ ಇಷ್ಟು ದೂರ ಬಂದು
ನೋಟ ಇಲ್ಲಿ ಶುರುವಾಗುತ್ತದೆ.
ಇದೊಂದು ಓಣಿ. ಗೋಡೆಗೆ ಗೋಡೆ ಅಂಟಿದ ಮನೆಗಳು.
ಒಂದು ಮನೆಯವರು ನಿಂತ ಗೆರೆ ಬಂದರೆ ಮಾತ್ರ ಕೂಗುತ್ತಾರೆ,
ಪಕ್ಕದವರು ತುಸು ವಾಲಿದ್ದಕ್ಕೆ,
ಅವರಾಚೆಯವರು ಇನ್ನೂ ತುಸು,
ಹಾಗೇ ವಾಲುತ್ತ ವಾಲುತ್ತ
ಗೆರೆ ಮಲಗಿ, ಮತ್ತೊಂದು ಮಗ್ಗುಲಿಂದ ಏಳುವ ತನಕ,
ಅಷ್ಟೂ ಒಂದು ಸಾಸಿವೆಯ ಅಗಲದೊಳಗೆ.
ಯಾರಿಗೂ ಪೂರ್ತಿ ಅಕ್ಷರ ಗೊತ್ತಿಲ್ಲ.

ಮುಂದಿನ ಓಣಿ ಈ ಕೂಗುಗಳನ್ನು ಕೂಡಿಸಿ "ಮೂಲೆ" ಅನ್ನುತ್ತದೆ.
ಅದರ ಮುಂದಿನದು "ಬಾಗು", ಎಡಕ್ಕೆ ಉಬ್ಬಿದ್ದು, ಒಳಕ್ಕೆ ತಗ್ಗಿದ್ದು.
ಕಿವಿಯ ಸಮೀಪ ಬರುವ ಹೊತ್ತಿಗೆ
ಯಾರೋ "ಮಗಳ ಮುಖ" ಅನ್ನಬೇಕು.

ಅಪ್ಪನಲ್ಲಿ? ನಾನು ಕೇಳಿದೆ.
ಮೊದಲ ಓಣಿಯಲ್ಲಿ ದೀಪವಿದೆ, ಅದರ ಮುಂದೆ...
ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

ಆಮೇಲೆ ಸೀಳಿದ್ದ ಒಂದು ತಟ್ಟೆ ಎತ್ತಿ ಹಿಡಿದಳು.
ಸೀಳು ನಿಂತಿದೆಯೋ, ಮಲಗಿದೆಯೋ?
"ಗೊತ್ತಿಲ್ಲಮ್ಮ."
ಸುಮ್ಮನೆ ಊಹಿಸಿ.
"ಗೊತ್ತಿಲ್ಲ ಅಂದೆನಲ್ಲ!"
ಸರಿ, ಈ ಕಾರ್ಡು ಅದರೊಳಗೆ ಹಾಕಿ.
ಹೊರಟ ಕೈ ಗಾಳಿಯಲ್ಲೇ ಮಣಿಕಟ್ಟು ತಿರುಗಿಸಿಕೊಂಡಿತು.
ಕಾರ್ಡು ತಡವರಿಸದೆ ಒಳಗೆ ಹೋಯಿತು.
"ಹಾಕಿದೆನೇ?" ಅಪ್ಪ ಕೇಳಿದ.

ಇನ್ನೊಂದು ದಾರಿ ಇದೆಯಂತೆ, ನಡುನೆತ್ತಿಯ ಕಡೆಗೆ.
ಹೆಸರು ತಿಳಿಯದ, ಅಳತೆ ಮಾತ್ರ ಬಲ್ಲ ದಾರಿ,
ಕೈಯೊಡನೆ ಬಿಟ್ಟು ಯಾರೊಡನೆಯೂ ಮಾತಿಲ್ಲ.

ಮುಟ್ಟಿ ನೋಡು, ಮೂಸಿ ನೋಡು, ತಿಂದು ನೋಡು
ಅನ್ನುತ್ತಿರುತ್ತೇನೆ ದಿನವಿಡೀ.
ಬರೀ ನೋಡು ಅನ್ನಲು ನಾಲಿಗೆ ಏಳದು.

ಸೇತುವೆ ಪಕ್ಕದ ಬೇಕರಿಯ ಬೋರ್ಡು ತುಕ್ಕು ಹಿಡಿದಿತ್ತು.
ಬೇರೆಯವರನ್ನು ಕರೆಯಬಹುದಿತ್ತು ಬದ್ರಿ. ಕರೆಯಲಿಲ್ಲ.
ತಗಡಿನ ಮುಂದೆ ಅಪ್ಪ ಕಣ್ಣು ಮುಚ್ಚಿ ಬ್ರಷ್ ಅದ್ದಿದ.
"ಪುರಿ." ಅಂದರೆ ರೊಟ್ಟಿ. ನಾಲ್ಕೇ ಅಕ್ಷರ.
ಎರಡನೆಯದಾದ ಮೇಲೆ ಬ್ರಷ್ ಎತ್ತಿದ, ಅದೇ ತಪ್ಪಾಯಿತು:
ಎಲ್ಲಿ ಬಿಟ್ಟೆನೆಂದು ಸಿಗದೆ
ಮೂರನೆಯದು ಎರಡನೆಯದರ ಹೆಗಲೇರಿತು.
ಕೊನೆಯದು ಮಾತ್ರ ಹಳೆಯ ಕಮಾನು,
ಅಡಿಯಲ್ಲಿ ರಿಯೋನಿ ನದಿ ಹರಿಯಬಹುದಾದಂಥದು.

ಹಳೇ ರೂಢಿಯಂತೆ ಎರಡು ಹೆಜ್ಜೆ ಹಿಂದೆ ಸರಿದು
ಕಣ್ಣು ಕಿರಿದು ಮಾಡಿ ನೋಡಿದ.
"ನೀಲಿ ಚೆನ್ನಾಗಿ ಕೂತಿದೆ," ಅಂದ.
ಬದ್ರಿ ಮಾತಾಡದೆ ಏಣಿ ತಂದ.

ಈಗ ಬೆಳಗಿನ ಸಾಲಿನಲ್ಲಿ ನಿಂತರೆ
ನನಗೆ ಕಾಣುವುದೆಲ್ಲ ಹಿಂದಲೆಗಳೇ,
ಉಣ್ಣೆ ಟೋಪಿ, ಬೋಳು, ಜಡೆ, ತಲೆವಸ್ತ್ರ.
ಒಳಗೆ ಓಣಿಗೆ ಓಣಿಯೇ ಕೂಗುತ್ತಿರಬೇಕು,
ಹೆಗಲೇರಿದ ಅಕ್ಷರವನ್ನೂ ಇಳಿಸಿಕೊಂಡು ಓದುತ್ತಿರಬೇಕು.

ನಮ್ಮ ಸರದಿ ಬರುತ್ತದೆ.
ಒಲೆಯ ಗೋಡೆಯಿಂದ ಕಿತ್ತ ರೊಟ್ಟಿ, ದೋಣಿಯಂಥದು,
ಎರಡೂ ತುದಿ ಚೂಪು.
ಏನಿದು ಎಂದು ನಾನು ಕೇಳುವುದಿಲ್ಲ.
ಅಪ್ಪನ ಬೆರಳುಗಳು, ಇನ್ನೂ ಮುಟ್ಟುವ ಮೊದಲೇ,
ಅದರ ಅಗಲಕ್ಕೆ ಸರಿಯಾಗಿ ತೆರೆದಿವೆ.